ಅಜ್ಜಂಪುರದ ಮದುಮಗನ ನೆತ್ತಿ

ಕಡೂರಿನ ಒಂದು ಚರ್ಮದ ಕ್ಲಿನಿಕ್ಕಲ್ಲಿ ಚೀಟಿ ಬರೆಯೋ ಕೆಲಸ ನಂದು. ಇಲ್ಲಿ ಕೂತು ಹನ್ನೆರಡು ವರ್ಷ ಆಯ್ತು. ಕಜ್ಜಿ, ತುರಿಕೆ, ಮೊಡವೆ ಅಂತ ಬರೋರು ಮುಲಾಮು ತಗೊಂಡು ತೆಪ್ಪಗೆ ಹೋಗ್ತಾರೆ. ಕೂದಲು ಅಂತ ಬರೋ ಗಂಡಸರು ಮಾತ್ರ ಬುದ್ಧೀನ ಮನೇಲಿಟ್ಟೇ ಬರ್ತಾರೆ. ವಾರಕ್ಕೊಂದು ಇಂಥದ್ದು ನಡೆಯದಿದ್ರೆ ನನಗೇ ಏನೋ ಕಳಕೊಂಡಂಗಾಗುತ್ತೆ. ಎಲ್ಲರದ್ದೂ ಹೇಳೋಕೆ ನಂಗೂ ತಾಳ್ಮೆ ಇಲ್ಲ, ಒಬ್ಬಂದು ಹೇಳ್ತೀನಿ.

೧. ಭಾವನ ರಕ್ತ

ಅಜ್ಜಂಪುರದಲ್ಲಿ ಸಿಮೆಂಟ್ ಅಂಗಡಿ ಇಟ್ಟಿರೋ ಹುಡುಗ. ಹುಡುಗ ಅಂದ್ರೆ ಮೂವತ್ತೆರಡು. ಮೂರು ಕಡೆ ಹೆಣ್ಣು ನೋಡಿ ಬಂದಿದ್ದ. ಮೂರು ಕಡೆಯಿಂದಲೂ ಜಾತಕ ಕೂಡಲಿಲ್ಲ ಅಂತ ಫೋನ್ ಬಂದಿತ್ತು. ಕೂಡದೇ ಇದ್ದದ್ದು ನೆತ್ತಿ ಅಂತ ಅವನಿಗೂ ಗೊತ್ತು. ನಾಲ್ಕನೇದು ತರೀಕೆರೆ ಹುಡುಗಿ, ಸ್ಕೂಲ್ ಟೀಚರು. ಇದೂ ತಪ್ಪಿದ್ರೆ ಮದುವೆ ಮಾತೇ ಎತ್ತಬೇಡ ಅಂತ ಅವ್ವನ ಮುಂದೆ ಅತ್ತಿದ್ದನಂತೆ. ಅದಕ್ಕೇ ಅವ್ವ, ಅಕ್ಕನ ಗಂಡ ಇಬ್ಬರನ್ನೂ ಕಾರಲ್ಲಿ ತುಂಬ್ಕೊಂಡು ಬಂದಿದ್ದ.

ಡಾಕ್ಟರು ಬಿಡಿಸಿ ಹೇಳಿದ್ರು. ತೋಳಿಂದ ರಕ್ತ ತೆಗೀತೀವಿ, ಮೆಷಿನ್ನಲ್ಲಿ ಗಿರಗಿರ ತಿರುಗಿಸ್ತೀವಿ, ಮೇಲೆ ನಿಲ್ಲೋ ಹಳದಿ ನೀರನ್ನ ನೆತ್ತಿಗೆ ಸೂಜೀಲಿ ಹಾಕ್ತೀವಿ. ತಿಂಗಳಿಗೊಂದರಂಗೆ ನಾಲ್ಕು ಸಲ.

ಅವ್ವ ಎಲ್ಲಾ ಕೇಳಿಸ್ಕೊಂಡು ಅಳಿಯನ್ನ ಮುಂದಕ್ಕೆ ತಳ್ಳಿದಳು. ಆ ಅಳಿಯನಿಗೆ ಬಾಚಣಿಗೆ ಮುರಿಯೋವಷ್ಟು ಕೂದಲು.

"ಅಳಿಯಂದ್ರ ರಕ್ತ ತಗೊಳ್ಳಿ ಸಾರ್. ಬೀಜ ಒಳ್ಳೇದಿರೋ ಕಡೆಯಿಂದ ತರಬೇಕಲ್ವಾ? ಇವನ ರಕ್ತದಲ್ಲಿ ಕೂದ್ಲು ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ?"

ಅವರವರ ರಕ್ತವೇ ಆಗಬೇಕು ಅಂತ ಡಾಕ್ಟರು ಒಪ್ಪಿಸೋ ಹೊತ್ತಿಗೆ ಸಾಕುಸಾಕಾಯ್ತು. ಅಳಿಯ ಅಷ್ಟರಲ್ಲಿ ಹೊರಗೆ ಹೋಗಿ, ಕಾರಲ್ಲಿ ಕೂತು, ಒಳಗಿಂದ ಲಾಕ್ ಮಾಡ್ಕೊಂಡಿದ್ದ.

೨. ದಿನ ಗೊತ್ತು ಮಾಡಿದ್ದು

ಡಾಕ್ಟರು ಕಡೂರಿಗೆ ಬರೋದು ಸೋಮವಾರ, ಶುಕ್ರವಾರ. ಶುಕ್ರವಾರ ಬರೀಲಾ ಅಂದೆ. ಶುಕ್ರವಾರ ತಲೆಗೆ ಕಬ್ಬಿಣ ಸೋಕಿಸಬಾರದು ಅಂದಳು ಅವ್ವ. ಸರಿ, ಸೋಮವಾರ ಅಂದೆ. ಸೋಮವಾರ ನಮ್ಮನೇಲಿ ಎತ್ತಿಗೇ ನೊಗ ಕಟ್ಟಲ್ಲ, ಮಗನಿಗೆ ಸೂಜಿ ಚುಚ್ಚಿಸ್ಲಾ ಅಂದಳು. ಹಾಗಾದ್ರೆ ಡಾಕ್ಟರನ್ನೇ ಬದಲಾಯಿಸಿ ಅಂತ ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವರ ಹಿಂದೆ ಹನ್ನೊಂದು ಜನ ಕೆರೀತಾ ಕೂತಿದ್ರು.

ಕೊನೆಗೆ ಅಲ್ಲೇ ನಿಂತು ಅವರೂರಿನ ಅಯ್ನೋರಿಗೆ ಫೋನ್ ಹಚ್ಚಿದ್ರು. ಅವರು ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ರು: ಸೂಜಿ ಸ್ಟೀಲಿಂದು, ಶುಕ್ರವಾರ ದೋಷ ಇಲ್ಲ.

೩. ಮೊದಲ ಫೋಟೊ

ಶುರು ಮಾಡೋಕೆ ಮುಂಚೆ ನೆತ್ತೀದೊಂದು ಫೋಟೊ ತೆಗೀತೀವಿ. ಆಮೇಲಿನದ್ದರ ಜೊತೆ ಇಟ್ಟು ನೋಡಿದ್ರೆ ಎಷ್ಟು ಬಂತು ಅಂತ ಗೊತ್ತಾಗುತ್ತೆ. ಮೂರನೇ ತಿಂಗಳು ಎರಡೂ ಫೋಟೊ ಇಟ್ಟು ನೋಡಿದ ಡಾಕ್ಟರ ಮುಖ ಕಪ್ಪಿಟ್ಟಿತು. ಮೊದಲಿನ ಫೋಟೊದಲ್ಲೇ ಕೂದಲು ಜಾಸ್ತಿ ಇತ್ತು. ಇಷ್ಟು ವರ್ಷದಲ್ಲಿ ಹಿಂಗಾಗಿದ್ದು ನೋಡೇ ಇಲ್ಲ ಅಂತ ಪಾಪ ಅವರು ಮೆಷಿನ್ ಬಿಚ್ಚಿಸಿ ನೋಡಿದ್ರು.

ನಂಗೆ ಅನುಮಾನ ಬಂದು ಹುಡುಗನ್ನ ಜೋರು ಮಾಡಿ ಕೇಳಿದೆ. ಮೊದಲ ಫೋಟೊ ದಿನ ದಾರೀಲಿ ಬೀರೂರಲ್ಲಿ ಕಟಿಂಗ್ ಶಾಪಿಗೆ ಹೋಗಿ, ಕಿವಿ ಪಕ್ಕದ ಕೂದಲನ್ನೆಲ್ಲ ನೆತ್ತಿ ಮೇಲಕ್ಕೆ ಎಳೆಸಿ, ಸಂದಿಗೆ ಕಪ್ಪು ಪೌಡರ್ ಹಾಕಿಸ್ಕೊಂಡು ಬಂದಿದ್ದನಂತೆ.

"ಡಾಕ್ಟರ ಮುಂದೆ ಬೋಳಾಗಿ ಕೂರೋಕೆ ನಾಚಿಕೆ ಆಯ್ತು ಕಣಕ್ಕ," ಅಂದ.

ಮಹಾನುಭಾವ! ಹಲ್ಲುನೋವಿಗೆ ಬಂದೋನು ಬಾಯಿ ಬಿಡೋಕೆ ನಾಚಿಕೊಂಡ್ನಂತೆ.

೪. ದೇವರ ಪಾಲು

ಸುಳ್ಳು ಯಾಕೆ, ಕೂದಲು ಬಂತು. ತೆಳ್ಳಗೆ, ರಾಗಿ ಮೊಳಕೆ ಥರ. ತರೀಕೆರೆಯೋರೂ ಒಪ್ಪಿದ್ರು, ದಿನವೂ ಗೊತ್ತಾಯ್ತು. ಇಷ್ಟೆಲ್ಲ ಗೋಳು ಹೊಯ್ಕೊಂಡ್ರೂ ಅವನ ಮುಖ ಅರಳಿದ್ದು ನೋಡಿ ನಂಗೂ ಖುಷಿಯೇ ಆಯ್ತು.

ಮದುವೆಗೆ ಇನ್ನು ಹತ್ತು ದಿನ ಇದೆ ಅನ್ನೋವಾಗ ನಾಲ್ಕನೇ ಸಲಕ್ಕೆ ಬಂದ. ತಲೆಗೆ ಟವೆಲ್. ಬಿಚ್ಚಿದ್ರೆ ನುಣ್ಣಗೆ ಬೋಳಿಸಿದ ತಲೆ, ಮೇಲೆ ಗಂಧ. ಡಾಕ್ಟರು ಕುರ್ಚಿ ಹಿಡ್ಕೊಂಡ್ರು. ಹುಡುಗ ತಲೆ ಎತ್ತಲಿಲ್ಲ. ಅವ್ವನ ಮುಖದಲ್ಲಿ ಮಾತ್ರ ಕಳೆಯೋ ಕಳೆ.

"ಬಂದ ಕೂದ್ಲು ಮುಡಿ ಕೊಡಿಸ್ತೀನಿ ಅಂತ ಮನೆದೇವ್ರಿಗೆ ಹೇಳ್ಕೊಂಡಿದ್ದೆ ಕಣಮ್ಮ. ಮೊದಲ ಬೆಳೆ ದೇವ್ರಿಗಲ್ವಾ? ಮದುವೆ ದಿನ ಪೇಟ ಇಟ್ರೆ ಯಾರಿಗೆ ಕಾಣುತ್ತೆ?"

ಪೇಟದಲ್ಲೇ ಮುಗಿಯೋದಾಗಿದ್ರೆ ಇಷ್ಟು ತಿಂಗಳು ನೆತ್ತಿ ತೂತು ಮಾಡಿಸಿದ್ದು ಯಾಕೆ ಅಂತ ಕೇಳಿದೆ. ಅದೇ ಹೊತ್ತಿಗೆ ತರೀಕೆರೆಯಿಂದ ವಿಡಿಯೊ ಕಾಲ್ ಬಂತು. ಬೋಳುತಲೆ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಮುಗೀತು ಅಂದ್ಕೊಂಡು ಹುಡುಗ ಫೋನ್ ಎತ್ತಿದ, ಇದ್ದದ್ದನ್ನೆಲ್ಲ ಹೇಳಿದ.

ಹುಡುಗಿ ಅವನ ತಲೆ ನೋಡಿದಳು. ನಗಲಿಲ್ಲ, ಬೈಯಲೂ ಇಲ್ಲ. ಮೇಷ್ಟ್ರಮ್ಮ ಅಲ್ವಾ, ನಿಧಾನಕ್ಕೆ ಕೇಳಿದಳು.

"ನಿಮ್ಮ ಕೂದ್ಲು ಇದ್ರೂ ಸರಿ, ಇಲ್ದಿದ್ರೂ ಸರಿ, ನಾನು ಮೊದಲೇ ಒಪ್ಪಿದ್ದೆ. ಆದ್ರೆ ಒಂದು ತಿಳ್ಕೊಬೇಕು. ನನ್ನ ಜಡೆ ಮೇಲೂ ಏನಾದ್ರೂ ಹರಕೆ ಇದೆಯಾ? ಫೋನ್ ಅತ್ತೆಗೆ ಕೊಡಿ."

ಹುಡುಗ ಫೋನ್ ಚಾಚಿದ. ಅವ್ವ ಮುಟ್ಟಲಿಲ್ಲ. ಸೆರಗಲ್ಲಿ ಬೆವರು ಒರೆಸ್ಕೊಂಡು ನನ್ನ ಟೇಬಲ್ ಹತ್ರ ಬಂದು, ಬಗ್ಗಿ, ಮೆಲ್ಲಗೆ ಕೇಳಿದಳು:

"ಈ ಸೂಜಿ ಹೆಂಗಸರಿಗೂ ಹಾಕ್ತಾರೇನಮ್ಮ?"