ನಡುವೆ ಒಬ್ಬ ಮನುಷ್ಯ

ಕಚೇರಿಯ ಕಂಪ್ಯೂಟರ್ ಒಮ್ಮೆ ಯಾರನ್ನೂ ಕೇಳದೆ ಎಲ್ಲರಿಗೂ ಒಂದೇ ದಿನ ರಜೆ ಕೊಟ್ಟುಬಿಟ್ಟಿತ್ತು. ಖಾಲಿ ಕುರ್ಚಿಗಳಿಗೆ ಗುಡ್ ಮಾರ್ನಿಂಗ್ ಹೇಳಿದ ಮ್ಯಾನೇಜರ್ ಅಂದೇ ಅಪ್ಪಣೆ ಹೊರಡಿಸಿದರು: "ನಡುವೆ ಒಬ್ಬ ಮನುಷ್ಯ ನೋಡಲಿ!"

ಆ ಮನುಷ್ಯನಾಗಿ ಸಿಕ್ಕಿಬಿದ್ದವನು ನಮ್ಮ ಗುಮಾಸ್ತ. ಎಲ್ಲ ಶಾಖೆಗಳ ರಜೆ ಅರ್ಜಿಗಳೂ ಅವನ ಪರದೆಗೆ ಬಂದು ನಿಲ್ಲುತ್ತಿದ್ದವು. 'ಸರಿ' ಒತ್ತಿದರೆ ರಜೆ, 'ಬೇಡ' ಒತ್ತಿದರೆ ಇಲ್ಲ. ಏಳು ಸುತ್ತಿನ ಕೋಟೆಯ ಬಾಗಿಲು ಕಾಯುವವನ ಗತ್ತು ಅವನಿಗೆ ತಾನಾಗಿ ಬಂದಿತ್ತು.

ಇಂದು ಅವನಿಗೇ ರಜೆ ಬೇಕಿತ್ತು. ಮುನಿಸಿಕೊಂಡು ತವರಿಗೆ ಹೋಗಿ, ಎರಡು ವಾರದಿಂದ ಇದೇ ಕಚೇರಿಯ ಅಲ್ಲಿನ ಶಾಖೆಯಲ್ಲೇ ಕೆಲಸ ಮಾಡುತ್ತಿದ್ದ ಹೆಂಡತಿ ಬೆಳಿಗ್ಗೆ ಫೋನ್ ಮಾಡಿದ್ದಳು. "ನಾಲ್ಕರ ರೈಲಿಗೆ ಬರ್ತೀನಿ. ಸ್ಟೇಷನ್ನಲ್ಲಿ ನೀವು ಕಾಣದಿದ್ರೆ ಇಳಿಯೋದೇ ಇಲ್ಲ."

ಅರ್ಜಿ ಹಾಕಿದ. ಅದು ಸುತ್ತಿ ಬಂದು ಅವನೆದುರೇ ನಿಂತಿತು. 'ಸರಿ' ಒತ್ತಿದ.

"ನಿಮ್ಮ ಅರ್ಜಿಗೆ ನೀವೇ ಒಪ್ಪಿಗೆ ಕೊಡುವಂತಿಲ್ಲ," ಎಂದು ಪರದೆಯ ಮೇಲೆ ಮೂಡಿತು.

"ತನ್ನ ಬೆನ್ನು ತನಗೆ ಕಾಣುತ್ತೇನೋ? ಇವತ್ತೊಂದಿನ ಆ ಅಧಿಕಾರ ನನಗೆ ಕೊಡು," ಎಂದರು ಪಕ್ಕದ ಮೇಜಿನ, ಸ್ಟೋರ್ ವಿಭಾಗದ ಅಕ್ಕ.

ಕೊಟ್ಟ. ಅಕ್ಕ ಕನ್ನಡಕ ಏರಿಸಿ ಕೂತರು.

"ಅಕ್ಕಾ, ನಂದು ಮೊದಲು..."

"ಸಾಲು ಅಂದ್ಮೇಲೆ ಸಾಲು. ನಿಂದು ಹದಿನೇಳನೇದು. ಇವನ್ಯಾರು, ಹಲ್ಲುನೋವಂತೆ? ಯಾವ ಹಲ್ಲು ಅಂತ ಬರೆದೇ ಇಲ್ವಲ್ಲ!"

"ದವಡೆಯದೇ ಇರ್ಬೇಕು, ಫೋನ್ ಮಾಡಿ ಕೇಳಿ," ಎಂದು ಟೈಪಿಸ್ಟ್ ಕುರ್ಚಿ ಎಳೆದುಕೊಂಡು ಬಂದ.

ಹಲ್ಲಿನ ವಿಚಾರಣೆ ಮುಗಿಯಿತು. ಮನೆ ಬದಲಾಯಿಸುವವಳಿಗೆ ಹೊಸ ಮನೆಯಲ್ಲಿ ನೀರು ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದ್ದಾಯಿತು. ಗುಮಾಸ್ತ ಕಾದ ಕಾವಲಿಯ ಮೇಲೆ ನಿಂತವನಂತೆ ಕಾಲು ಬದಲಿಸುತ್ತಿದ್ದ.

ಎರಡೂವರೆಗೆ ಅವನ ಸರದಿ ಬಂತು. "ಹೆಂಡ್ತಿ ಬರ್ತಾಳಾ? ಪಾಪ, ಓಡು!" ಅಕ್ಕ 'ಸರಿ' ಒತ್ತಿ, ಹದಿನೆಂಟನೆಯದನ್ನು ತೆರೆದರು.

ಎರಡು ಬಸ್ಸು ಬದಲಾಯಿಸಿ, ತಲೆ ಬಾಚಿಕೊಂಡು, ಗುಮಾಸ್ತ ಪ್ಲಾಟ್‌ಫಾರ್ಮಿನಲ್ಲಿ ನಿಂತ. ರೈಲು ಬಂತು. ಎಲ್ಲರೂ ಇಳಿದರು. ಅವಳೊಬ್ಬಳಿಲ್ಲ. ಗಾಬರಿಯಿಂದ ಫೋನ್ ಮಾಡಿದ.

"ಎಲ್ಲಿದ್ದೀಯೇ?"

"ಆಫೀಸಲ್ಲಿ. ನನ್ನ ರಜೆಗೆ ಉತ್ತರ ಬಂತು. ಓದ್ಲಾ? 'ಬೇಡ. ಗಂಡನಿಗೆ ಈಗಷ್ಟೇ ರಜೆ ಕೊಟ್ಟಿದೆ. ಒಂದು ಮನೆಗೆ ಒಂದು ರಜೆ ಸಾಕು.' ರಜೆ ಅರ್ಜಿ ನೋಡೋರು ನೀವೇ ತಾನೇ? ನಾನು ಬರೋದು ಬೇಡ ಅಂತ ಬಾಯಲ್ಲೇ ಹೇಳ್ಬಹುದಿತ್ತಲ್ಲ ರೀ!"