ಹಸಿರು ಸೀರೆಯ ಪತಂಗ

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮಧುಗಿರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷದಿಂದ ಜೀವಶಾಸ್ತ್ರ ಹೇಳಿಕೊಡುವ ನನಗೆ ಹುಳ ಕಂಡರೆ ಜೀವವೇ ಹೋಗುತ್ತದೆ. ಬೋರ್ಡಿನ ಮೇಲೆ ಎಷ್ಟು ಹುಳ ಬೇಕಾದರೂ ಬರೆದೇನು, ಹತ್ತಿರ ಮಾತ್ರ ಹೋಗಲಾರೆ. ಈ ಗುಟ್ಟು ಬಲ್ಲವರು ನಮ್ಮತ್ತೆ ಒಬ್ಬರೇ. ಪಾವಗಡದ ಕಡೆಯವರು, ಕನ್ನಡದಲ್ಲಿ ಶುರು ಮಾಡಿದ ಬೈಗುಳವನ್ನು ತೆಲುಗಿನಲ್ಲಿ ಮುಗಿಸುವವರು. ಹೋದ ತಿಂಗಳು ಅವರ ಪೂಜೆ ಹೂವಿನ ಕಣಗಿಲೆ ಗಿಡಕ್ಕೆ ಬೆರಳುದ್ದದ ಹಸಿರು ಹುಳ ಬಿದ್ದು ಎಲೆಯೆಲ್ಲ ಬೋಳಿಸಿತು. "ಎತ್ತಿ ಹೊಸಕಾಕು ಪೋ!" ಎಂದು ಗೊತ್ತಿದ್ದೂ ನನಗೇ ಅಪ್ಪಣೆಯಾಯಿತು. ಬಾಲದಲ್ಲೊಂದು ಕೊಂಬು, ಕತ್ತಿನ ಹತ್ತಿರ ಕಣ್ಣಿನಂಥ ಎರಡು ನೀಲಿ ಮಚ್ಚೆ! ನನ್ನ ಕೈಲಾದೀತೇ? ರೆಂಬೆ ಸಮೇತ ಕತ್ತರಿಸಿ ಬೇಲಿ ಮೂಲೆಯ ತರಗೆಲೆಗೆ ಎಸೆದು, "ಕೊಂದುಬಿಟ್ಟೆ ಅತ್ತೆ" ಎಂದು ಬುರುಡೆ ಬಿಟ್ಟೆ.

ಎರಡು ವಾರದ ಕೆಳಗೆ ಒಂದು ಬೆಳಗ್ಗೆ ಬಾಗಿಲು ತೆಗೆದ ಅತ್ತೆ ಕೂಗಿಕೊಂಡ ರಭಸಕ್ಕೆ ನಾನು ಸೌಟು ಹಿಡಿದೇ ಓಡಿದೆ. ಹೊರಗೋಡೆಯ ಮೇಲೆ ಅಂಗೈಯಗಲದ ಜೀವ. ಪಾಚಿ ಹಸಿರಿನ ರೆಕ್ಕೆ, ನಡುವೆ ಗುಲಾಬಿ, ಕೆನೆ ಬಣ್ಣದ ಪಟ್ಟೆ. ಅಬ್ಬಾ, ಏನು ಚೆಂದ! ಅತ್ತೆ ಆಗಲೇ ಪಕ್ಕದಲ್ಲಿ ಕುಂಕುಮ ಇಟ್ಟಾಗಿತ್ತು. "ಗೊರವನಹಳ್ಳಿ ಗುಡಿ ಅಮ್ಮ ಕಣಮ್ಮ! ಹಸ್ರು ಸೀರೆ ಉಟ್ಕಂಡು ಬಂದವ್ಳೆ, ಅಂಚು ನೋಡು!" ನಮ್ಮ ಯಜಮಾನರು ಹಲ್ಲುಜ್ಜುತ್ತಲೇ, "ಚಿಟ್ಟೆ ಬುಡಮ್ಮ ಅದು" ಎಂದರು.

ಟೀಚರ್ ಬಾಯಿ ಸುಮ್ಮನಿರುತ್ತದೆಯೇ? "ಚಿಟ್ಟೆಯಲ್ಲ ರೀ, ಪತಂಗ! ಚಿಟ್ಟೆ ಕೂತರೆ ಸಾಮಾನ್ಯವಾಗಿ ರೆಕ್ಕೆ ಮೇಲಕ್ಕೆ ಮಡಚುತ್ತೆ. ಇದು ಹಾಸಿಕೊಂಡಿದೆ, ಮೈ ದಪ್ಪ. ಇದು ಕಣಗಿಲೆ ಪತಂಗ. ಹುಳವಾಗಿದ್ದಾಗ ಕಣಗಿಲೆ ಎಲೆ ತಿಂದು..." ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

"ನನ್ ಗಿಡ ಬೋಳಿಸಿದ್ದು ಇದೇನಾ? ಕೊಂದ್ಬುಟ್ಟೆ ಅಂದ್ಯಲ್ಲೇ!" ಅತ್ತೆ ಪೊರಕೆ ಎತ್ತಿದರು. ನನಗೆ ಎಲ್ಲಿತ್ತೋ ಧೈರ್ಯ, ಸೌಟು ಅಡ್ಡ ಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಂತೆ. "ಸುಳ್ಳು ಹೇಳಿದೆ ಅತ್ತೆ. ಹೊಡೆಯೋದಾದ್ರೆ ನನಗೇ ಹೊಡೀರಿ." ಪತಂಗ ನನ್ನ ಕಿವಿಯಿಂದ ನಾಲ್ಕೇ ಬೆರಳು ದೂರ. ನಾನು ಅಲ್ಲಾಡಲಿಲ್ಲ! ಅತ್ತೆ ನನ್ನನ್ನು ಬಿಟ್ಟು ರೆಕ್ಕೆಯನ್ನೇ ನೋಡಿದರು. "ನಮ್ಮನೆ ಎಲೆ ತಿಂದೇ ಇಂಗಾಯ್ತಾ?" "ನಿಮ್ಮನೆ ಎಲೆಯೇ ಅತ್ತೆ." ಪೊರಕೆ ಕೆಳಗಿಳಿಯಿತು. ಗೆದ್ದೆ!

ಮಧ್ಯಾಹ್ನದ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಗೋಡೆಯ ಮುಂದೆ. "ಚಿಟ್ಟೆ ಅನ್ಬೇಡಿ, ಪತಂಗ ಅನ್ನಿ. ನಾನೇ ಎಲೆ ಹಾಕಿ ಸಾಕಿದ್ದು" ಎನ್ನುತ್ತಿದ್ದರು ಅತ್ತೆ. ಇಪ್ಪತ್ತು ವರ್ಷದಲ್ಲಿ ಇಷ್ಟು ಬೇಗ ಪಾಠ ಕಲಿತವರನ್ನು ನಾನು ಕಂಡಿಲ್ಲ. ಈಗ ಗಿಡದಲ್ಲಿ ಮತ್ತೆ ಏಳು ಹುಳ. ಯಾರೂ ಮುಟ್ಟಕೂಡದೆಂದು ಅತ್ತೆಯ ಕಟ್ಟಪ್ಪಣೆ. ಮೊಗ್ಗೊಂದೂ ಉಳಿದಿಲ್ಲ. ಹಾಗಾಗಿ ದಿನಾ ಬೆಳಗ್ಗೆ ಎದುರುಮನೆ ಕಾಂಪೌಂಡಿನಿಂದ ದೇವರಿಗೆ ಹೂವು ಕದಿಯುವ ಕೆಲಸ ಟೀಚರಮ್ಮನದು.