ಟ್ರ್ಯಾಕ್ಟರ್ ಮನೆಯ ಬಡವಿ

ನಮ್ಮ ಸೋದರತ್ತೆಯಷ್ಟು ಬಡವಿ ಇಡೀ ಮೊಳಕಾಲ್ಮೂರು ಸೀಮೆಯಲ್ಲೇ ಇಲ್ಲ. ನಾನು ಹೇಳುತ್ತಿಲ್ಲ ಸ್ವಾಮಿ, ಆಕೆಯೇ ಹೇಳಿಕೊಂಡು ತಿರುಗುತ್ತಾಳೆ! ಮನೆ ಮುಂದೆ ಟ್ರ್ಯಾಕ್ಟರ್, ಹಿತ್ತಲಲ್ಲಿ ಎಮ್ಮೆ, ಹೊಲದಲ್ಲಿ ಬತ್ತದ ಬೋರ್‌ವೆಲ್, ಅಟ್ಟದ ತುಂಬ ಶೇಂಗಾ ಚೀಲ. ಇಷ್ಟೆಲ್ಲ ಇಟ್ಟುಕೊಂಡು ಬಡವಿ ಅನ್ನಿಸಿಕೊಳ್ಳಬೇಕೆಂದರೆ ಎಷ್ಟು ಧೈರ್ಯ ಬೇಕು ಹೇಳಿ?

ಹೋದ ವರ್ಷ ಅವರೂರಿನ ಗ್ರಾಮಸಭೆಯಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳಂತೆ.

"ಬಡವರ ಹೆಸರು ಬರ್ಕೊಳ್ತಾ ಇದೀರಲ್ಲ, ನಂದೂ ಬರ್ಕೊಳ್ರಿ."

ಪಂಚಾಯ್ತಿ ಕಾರ್ಯದರ್ಶಿ ಬೆಚ್ಚಿಬಿದ್ದರು. "ಅಮ್ಮಾ, ನಿಮ್ಮನೇಲಿ ಟ್ರ್ಯಾಕ್ಟರ್ ಐತಲ್ರೀ?"

"ಐತೆ, ನಮ್ಮ ಯಜಮಾನ್ರದು. ಅದಕ್ಕೆ ಟೈರ್ ಸವೆದ್ರೆ ಮಾರನೇ ದಿನಾನೇ ಹೊಸಾ ಟೈರ್ ಬರ್ತೈತೆ. ನನ್ನ ಕಣ್ಣು ಮಂಜಾಗಿ ಎಷ್ಟು ದಿನ ಆತು, ಕನ್ನಡಕ ಬಂತಾ?"

ಸಭೆ ಗೊಳ್ಳೆಂದು ನಕ್ಕಿತು. ಗಂಡಸರು ನಕ್ಕರು ಅನ್ನಬೇಕು, ಹೆಂಗಸರು ನಗಲಿಲ್ಲವಂತೆ. ಮುಂದಿನ ಸಾಲಿನಲ್ಲಿದ್ದ ನಮ್ಮ ಮಾವ ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತ ಕೂತುಬಿಟ್ಟರಂತೆ. ಆ ಹೊತ್ತಿಗೆ ಕರೆಂಟೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಅತ್ತೆ ಕೇಳುತ್ತಿದ್ದದ್ದು ದೊಡ್ಡದೇನಲ್ಲ. ಬಡತನ ಎಣಿಸಲು ಬಂದವರು ಮನೆಯ ಗೋಡೆ ನೋಡುತ್ತಾರೆ, ಯಜಮಾನನನ್ನು ಕೇಳುತ್ತಾರೆ, ಎದ್ದು ಹೋಗುತ್ತಾರೆ. ಇನ್ನು ಮೇಲೆ ಒಳಗಿರುವ ಹೆಂಗಸನ್ನೂ ಬೇರೆಯಾಗಿ ಕೂರಿಸಿ ಕೇಳಬೇಕು, ಹಾಗಂತ ಪಂಚಾಯ್ತಿ ಠರಾವು ಮಾಡಬೇಕು. ಅಷ್ಟೇ. ಪಂಚಾಯ್ತಿಯವರು "ನೋಡಾಣ" ಅಂದರು. ನಮ್ಮ ಕಡೆ "ನೋಡಾಣ" ಅಂದರೆ ಏನರ್ಥ ಅಂತ ನಿಮಗೇ ಗೊತ್ತು!

ಸುಮ್ಮನಿರುವ ಜಾತಿಯೇ ನಮ್ಮತ್ತೆ? ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುವವರಿದ್ದಾರೆ. ಗಂಡ ಮಗ್ಗದಲ್ಲಿ ಕೂತರೆ ಹೆಂಡತಿ ಬೆಳಗಿನಿಂದ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಕೊಡುತ್ತಾಳೆ. ಯಾರೋ ಅಧಿಕಾರಿ ಬಂದು "ನಿಮ್ದೇನಮ್ಮ ಕೆಲಸ?" ಅಂದರೆ ಆಕೆ ತೆಲುಗು ಬೆರೆಸಿ "ಏಮೀ ಲೇದು ಸಾರ್, ಮನೇಲಿ ಇರ್ತೀನಿ" ಅಂದಳು. ಗೋಡೆಯಾಚೆಯಿಂದ ಅತ್ತೆಯ ದನಿ ತೂರಿಬಂತು: "ಏನೂ ಮಾಡಲ್ವಾ? ಹಂಗಾದ್ರೆ ನಾಳೆ ದಿಟವಾಗ್ಲೂ ಏನೂ ಮಾಡ್ಬೇಡ ನೋಡಾಣ!"

ಆ ಪುಣ್ಯಾತ್ಗಿತ್ತಿ ನಿಜವಾಗಿಯೂ ಮಾಡಲಿಲ್ಲ. ಮಧ್ಯಾಹ್ನದೊಳಗೆ ಮಗ್ಗ ನಿಂತಿತು. ಗಂಡ ಓಡಿಬಂದ. "ಅಕ್ಕಾ, ನಮ್ಮಾಕೆಗೆ ಒಸಿ ಹೇಳ್ರಿ."

"ಏನೂ ಕೆಲಸ ಮಾಡ್ದೋಳಿಗೆ ನಾನೇನಪ್ಪಾ ಹೇಳ್ಲಿ?"

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಅತ್ತೆಯನ್ನು ಹಿಡಿಯುವವರೇ ಇಲ್ಲ. ಚಳ್ಳಕೆರೆಯ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟವಳೇ ನೇರ ಅಡಿಗೆಮನೆಗೆ. ನಾನು ಉಂಡು ಎದ್ದ ಮೇಲೆ ಪಾತ್ರೆಗಳ ಮುಚ್ಚಳ ತೆಗೆದು ಇಣುಕುತ್ತಾಳೆ! ಒಮ್ಮೆ ಹೋಳಿಗೆ ಡಬ್ಬಿ ಖಾಲಿಯಿತ್ತು. ನನ್ನ ಹೆಂಡತಿಯನ್ನು "ನಿನಗೇನೇ ಉಳೀತು?" ಅಂದಳು. ಆಕೆ ನಕ್ಕು ಡಬ್ಬಿಯ ಮುಚ್ಚಳ ಹಾಕಿದಳು. ಅತ್ತೆ ನನ್ನ ಕಡೆ ತಿರುಗಿ, "ಲೇ, ಎಣ್ಣೆ ಅಂಗಡಿ ಸಾವ್ಕಾರ, ನಿನ್ನ ಮನೇಲೂ ಒಬ್ಬ ಬಡವಿ ಇದಾಳೆ ಕಣೋ" ಅಂದಳು. ಅಂದಿನಿಂದ ಹೋಳಿಗೆ ಕಂಡರೆ ಮೊದಲು ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಎಣಿಸುತ್ತೇನೆ.

ಈ ಬೇಸಿಗೆಯಲ್ಲಿ ಅತ್ತೆ ತನ್ನ ಅಂಗಳದಲ್ಲಿ ಪಂಚಾಯ್ತಿಯವರಿಗೆಲ್ಲ ಹೆಂಡಿರು ಮಕ್ಕಳ ಸಮೇತ ಊಟ ಇಟ್ಟುಕೊಂಡಳು. ನಾನೂ ಹೋಗಿದ್ದೆ. ಬಿಸಿ ಮುದ್ದೆ, ಹುರುಳಿಕಾಳಿನ ಸಾರು, ಶೇಂಗಾ ಚಟ್ನಿ. ಗಂಡಸರು ರೂಢಿಯಂತೆ ಮೊದಲ ಪಂಕ್ತಿಗೆ ನುಗ್ಗಿದರೆ ಅತ್ತೆ ಸೌಟು ಅಡ್ಡ ಹಿಡಿದಳು.

"ಇವತ್ತು ಹೆಂಗಸ್ರು ಮೊದ್ಲು."

ಪಂಚಾಯ್ತಿ ಅಧ್ಯಕ್ಷರೂ ಹೆಂಗಸೇ. ಆದರೆ ಊರವರು "ಅಧ್ಯಕ್ಷರೇ" ಅಂತ ಕರೆಯುವುದು ಆಕೆಯ ಗಂಡನನ್ನು. ಆತ ನಿಂತ, ಆಕೆ ಕೂತಳು. ಕೂತವರು ಏಳಬೇಕಲ್ಲ! ಎರಡೆರಡು ಸಲ ಬಡಿಸಿಕೊಂಡರು, ಮಾತಾಡಿದರು, ಎಲೆಅಡಿಕೆ ಹಾಕಿಕೊಂಡರು. ಆಮೇಲೆ ಮಕ್ಕಳ ಪಂಕ್ತಿ. ಕೊನೆಗೆ ಹಸಿದು ಕಂಗಾಲಾದ ನಾವು ಕೂತಾಗ ಬಂದದ್ದು ಆರಿದ ಮುದ್ದೆಯ ಮುರುಕು, ತಳ ಹಿಡಿದ ಹಿಟ್ಟು, ಕಾಳೇ ಇಲ್ಲದ ಸಾರು. ಚಟ್ನಿ ಮುಗಿದಿತ್ತು.

ಕಾರ್ಯದರ್ಶಿ ಸಿಡುಕಿದರು. "ಕರೆದು ಅವಮಾನ ಮಾಡ್ತೀರೇನಮ್ಮಾ?"

"ಅವಮಾನ ಯಾಕ್ರಿ? ನಾವು ದಿನಾ ಉಣ್ಣೋದೇ ಇದು. ಟ್ರ್ಯಾಕ್ಟರ್ ಇರೋ ಮನೇಲೂ ಇದೇ."

ಎಲೆಅಡಿಕೆ ಜಗಿಯುತ್ತಿದ್ದ ಅಧ್ಯಕ್ಷೆ ಮೆಲ್ಲಗೆ, "ಮುಂದಿನ ಸಭೆಗೆ ಆ ಠರಾವು ಇಡ್ರಿ ಸಾರ್" ಅಂದಳು. ಗಂಡ ಏನೋ ಹೇಳಲು ಬಾಯಿ ತೆರೆದ. "ನೀವು ಉಣ್ರಿ, ಆರೋಗ್ತೈತೆ" ಅಂದಳು. ಆರಿದ ಮುದ್ದೆಗೆ!

ಸಾಲಿನ ತುದಿಯಲ್ಲಿದ್ದ ಮಾವ ತಳ ಹಿಡಿದ ಹಿಟ್ಟನ್ನೂ ಬಿಡದೆ ಉಂಡು ಎದ್ದರು.

ಠರಾವು ಪಾಸಾಯಿತು. ಸುದ್ದಿ ಕೇಳಿ ಮಾರನೇ ದಿನ ನಾನು ಅವರ ಮನೆಗೆ ಹೋದೆ. ಊಟದ ಹೊತ್ತು. ಅತ್ತೆಯ ಮೂಗಿನ ಮೇಲೆ ಹೊಸ ಕನ್ನಡಕವಿತ್ತು. ತಂದವರು ಯಾರೆಂದು ನಾನು ಕೇಳಲಿಲ್ಲ. ಆಕೆ ಮಾವನ ತಟ್ಟೆಗೆ ಹಬೆಯಾಡುವ ಮುದ್ದೆ ಇಟ್ಟಳು. ಮಾವ ಕೂರಲಿಲ್ಲ. ಮಣೆಯನ್ನು ಕಾಲಿನಿಂದ ಅತ್ತೆಯ ಕಡೆ ಸರಿಸಿ, "ನೀನು ಕೂತ್ಕ" ಅಂದರು.

"ಏನಾತು ನಿಮಗೆ? ಜ್ವರಗಿರ ಬಂದೈತಾ?"

"ಕೂತ್ಕ ಅಂದೆ."

ಇಡೀ ಪಂಚಾಯ್ತಿಗೆ ಹೆದರದ ನಮ್ಮತ್ತೆ ಗಾಬರಿಯಾಗಿ ಕೂತಳು. ಒಂದು ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದಳು. ಕಣ್ಣಲ್ಲಿ ನೀರು ತುಂಬಿ ಕನ್ನಡಕ ಮಂಜಾಯಿತು.

"ಯಾಕತ್ತೆ, ಏನಾತು?" ಅಂದೆ.

"ಗಂಟಲು ಸುಡ್ತು ಕಣೋ" ಅಂದಳು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಮದ್ವೆಯಾದಾಗಿಂದ ಕಟ್ಟಿ ಕಟ್ಟಿ ಹಾಕಿದೀನಿ. ಮುದ್ದೆ ನುಂಗಿದ್ರೆ ಇಷ್ಟು ಬಿಸಿ ಇರ್ತೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಮಾವ ಬೆಣ್ಣೆಯ ಬಟ್ಟಲನ್ನು ಆಕೆಯ ತಟ್ಟೆಯ ಹತ್ತಿರ ಇಟ್ಟರು. "ಆತುರ ಪಡ್ಬೇಡ. ನಿಧಾನಕ್ಕೆ ಉಣ್ಣು, ನಾನು ಕಾಯ್ತೀನಿ."